ಮಧುಗಿರಿ ಸೀಮೆಯ ವಿದ್ಯಾರ್ಥಿಗಳೂ ಅವರ ಹಿತಚಿಂತಕರೂ

ಕರ್ಣಾಟಕದ ಕಂದಾಯ ಜಿಲ್ಲೆಗಳು 31 ಆದರೂ ವಿದ್ಯಾಭ್ಯಾಸದ ಇಲಾಖೆಯವರ ಲೆಕ್ಕದಲ್ಲಿ ಜಿಲ್ಲೆಗಳು 35. ತುಮಕೂರು ಜಿಲ್ಲೆಯನ್ನು ಇಲಾಖೆಯವರು ಎರಡಾಗಿ ಭಾಗಿಸಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆದಿರುವರು. ಪ್ರತಿವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದ ದಿನ, ನಮ್ಮ ಮನೆಗಳಲ್ಲಿ ಕಾಫಿಯ ಹೊತ್ತಿಗೆ ನಡೆಯುವ ಮೊದಲ ಮಾತು, ಮಧುಗಿರಿಗೆ ಎಷ್ಟನೆಯ ಸ್ಥಾನ ಬಂದಿತು ಎಂಬುದು. ಸ್ಥಾನ ಮೇಲೇರಿದ್ದರೆ ಹಿಗ್ಗು. ಕೆಳಗಿಳಿದಿದ್ದರೆ ಉಪಾಧ್ಯಾಯರನ್ನೋ ಕಾಲವನ್ನೋ ದೂರುವುದು. ಆ ಸಂಖ್ಯೆಯ ಹಿಂದೆ, ತೇರ್ಗಡೆಯಾಗದೆ ಉಳಿದ ಹುಡುಗ ಹುಡುಗಿಯರು ಅದೇ ದಿನ ಸಂಜೆ ಎಲ್ಲಿದ್ದರು, ಅವರೊಡನೆ ಮಾತನಾಡಿದವರು ಯಾರು ಎಂದು ಕೇಳುವವರು ವಿರಳ. ಈ ಲೇಖನವು ಆ ಪ್ರಶ್ನೆಯನ್ನು ಹಿಡಿದು ಸ್ವಲ್ಪ ಹಿಂದಕ್ಕೆ ಹೋಗಿ ನೋಡುವ ಒಂದು ಯತ್ನ.

ಶಾಲೆಯ ಮಗುವಿನ ಮನಸ್ಸಿನ ಕಷ್ಟವನ್ನು ಕೇಳಿ, ಅದಕ್ಕೆ ದಾರಿ ತೋರುವವನಿಗೆ ಈಗ ಆಪ್ತಸಮಾಲೋಚಕನೆಂದು ಹೆಸರು. ಹೆಸರು ಹೊಸದು. ಕೆಲಸವು ಹೊಸದೆಂದು ನಾನು ನಂಬಲಾರೆ. ಹಿಂದೆ ಅದು ಒಬ್ಬನ ಉದ್ಯೋಗವಾಗಿರಲಿಲ್ಲ. ಹಲವರ ಕೈಯಲ್ಲಿ ಚೂರುಚೂರಾಗಿ ಹಂಚಿಹೋಗಿದ್ದಿತು. ಯಾವ ಚೂರು ಯಾರ ಕೈಯಲ್ಲಿದ್ದಿತು, ಯಾವ ಮಕ್ಕಳಿಗೆ ಅದು ದೊರಕಿತು, ಯಾರಿಗೆ ದೊರಕಲಿಲ್ಲ ಎಂಬುದೇ ಇಲ್ಲಿಯ ಚರಿತ್ರೆ.

ಸರ್ಕಾರದ ಪಾಠಶಾಲೆಗಳು ಬರುವುದಕ್ಕೆ ಮುಂಚೆ ನಮ್ಮ ಸೀಮೆಯಲ್ಲಿ, ಹಳೆಯ ಮೈಸೂರಿನ ಉಳಿದ ಕಡೆಗಳಲ್ಲಿದ್ದಂತೆಯೇ, ಐಗಳ ಮಠಗಳಿದ್ದುವು. ಊರ ಗುಡಿಯ ಕೈಸಾಲೆಯಲ್ಲಿಯೋ ಸಾಹುಕಾರನ ಜಗಲಿಯ ಮೇಲೆಯೋ ಮರಳು ಹರಡಿ, ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿ, ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದ ಆ ಐಗಳಿಗೆ ಪ್ರತಿಯೊಂದು ಮಗುವಿನ ಮನೆಯೂ ಗೊತ್ತು, ಆ ಮನೆಯ ಜಗಳವೂ ಗೊತ್ತು, ಸಾಲವೂ ಗೊತ್ತು. ಮಹಾನವಮಿಯ ಕಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಚೌಪದ ಹಾಡಿಸುತ್ತ ಮನೆಮನೆಗೂ ಹೋಗುತ್ತಿದ್ದ ಆತನು ವರ್ಷಕ್ಕೊಮ್ಮೆಯಾದರೂ ಎಲ್ಲ ತಾಯಂದಿರ ಮುಖವನ್ನೂ ಕಾಣುತ್ತಿದ್ದನು. ಇಷ್ಟರ ಮಟ್ಟಿಗೆ ಆತನಿಗೆ ಸಲಹೆ ಹೇಳುವ ಯೋಗ್ಯತೆಯಿದ್ದಿತೆನ್ನಬಹುದು. ಆದರೆ ಆ ಮಠದಲ್ಲಿಯೇ ತೊಲೆಗೆ ಹಗ್ಗ ಕಟ್ಟಿ ಹುಡುಗನನ್ನು ಜೋತುಬಿಡುವ ಕೋದಂಡವೆಂಬ ಶಿಕ್ಷೆಯೂ ಇದ್ದಿತು. ಹಳೆಯವರು ತಮ್ಮ ನೆನಪುಗಳನ್ನು ಬರೆಯುವಾಗ ಕೋದಂಡವನ್ನು ನಗುತ್ತ ಬರೆದಿರುವರು. ನಕ್ಕವರು ಓದಿ ಮುಂದೆ ಬಂದವರು. ಕೋದಂಡಕ್ಕೆ ಹೆದರಿ ಮಠವನ್ನೇ ಬಿಟ್ಟು ಕುರಿ ಕಾಯಲು ಹೋದ ಹುಡುಗರು ನೆನಪುಗಳನ್ನು ಬರೆಯಲಿಲ್ಲ.

1857ರಲ್ಲಿ ಮೈಸೂರು ಸೀಮೆಯಲ್ಲಿ ವಿದ್ಯಾಭ್ಯಾಸದ ಇಲಾಖೆಯು ಏರ್ಪಟ್ಟಿತು. 1868ರಲ್ಲಿ ಬಿ. ಎಲ್. ರೈಸ್ ಮಹಾಶಯರ ಯೋಜನೆಯ ಮೇರೆಗೆ ಹೋಬಳಿಗೊಂದು ಶಾಲೆಯೆಂಬ ಕ್ರಮವು ಮೊದಲಾಯಿತು. ಶಾಸನಗಳನ್ನು ಸಂಗ್ರಹಿಸಿದ ರೈಸರನ್ನು ನಮ್ಮ ವಾಚಕರು ಬಲ್ಲರು. ಹಳ್ಳಿಯ ಮಗುವಿನ ಶಾಲೆಯನ್ನು ಯೋಚಿಸಿದ ರೈಸರನ್ನು ಅಷ್ಟಾಗಿ ನೆನೆಯುವುದಿಲ್ಲ. ಮಿಡಿಗೇಶಿ, ಹೊಳವನಹಳ್ಳಿ, ಬುಕ್ಕಾಪಟ್ಟಣ, ನಿಡಗಲ್ಲು ಇವು ಇಂದಿಗೂ ನಮ್ಮ ಹೋಬಳಿಗಳ ಹೆಸರುಗಳು. ಇಂತಹ ಸ್ಥಳಗಳಿಗೆ ಬಂದು ನೆಲೆಸಿದ ಹೋಬಳಿ ಮೇಷ್ಟರು ಊರಿಗೆ ಬೇಕಾದವರಾದರು. ಕಾಗದ ಓದಿ ಹೇಳುವುದು, ಅರ್ಜಿ ಬರೆದುಕೊಡುವುದು, ಮಗನನ್ನು ಮುಂದೆ ಓದಿಸಬಹುದೇ ಬಿಡಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದು, ಎಲ್ಲವೂ ಅವರ ಪಾಲಿಗೆ. ಈ ಕಡೆಯ ಪ್ರಶ್ನೆಯೇ ಮುಖ್ಯವಾದುದು. ಹುಡುಗನಲ್ಲಿ ಬುದ್ಧಿಯುಂಟೆಂದು ಮೊದಲು ಕಂಡವರು ಮೇಷ್ಟರು. ಅದನ್ನು ತಂದೆಗೆ ಹೇಳಿ ಒಪ್ಪಿಸಬೇಕಾದವರೂ ಅವರೇ. ಅವರು ಸುಮ್ಮನಿದ್ದರೆ ಆ ಹುಡುಗನ ಓದು ಅಲ್ಲಿಗೆ ಮುಗಿಯಿತು.

ಒಪ್ಪಿಸಿದ ಮೇಲಾದರೂ ಹುಡುಗನು ಹೋಗಬೇಕಾದುದೆಲ್ಲಿಗೆ? ಮೇಲಿನ ತರಗತಿಗಳು ದೊಡ್ಡ ಊರುಗಳಲ್ಲಿ. ಅಲ್ಲಿ ಬಡ ಹುಡುಗನಿಗೆ ಆಶ್ರಯವಾಗಿದ್ದುದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ. ಹೀಗೆ ಏಳು ಮನೆಗಳ ಅನ್ನದ ಮೇಲೆ ಓದಿದವರು ಮುಂದೆ ಅಮಲ್ದಾರರಾದರು, ವಕೀಲರಾದರು. ಈ ಪದ್ಧತಿಯಲ್ಲಿ ಅನ್ನದ ಜೊತೆಗೆ ಇನ್ನೊಂದು ವಸ್ತುವೂ ದೊರೆಯುತ್ತಿದ್ದಿತು. ಬಡಿಸುವ ತಾಯಿಯು ಹುಡುಗನ ಮುಖ ನೋಡಿ, “ಯಾಕಪ್ಪಾ ಇವತ್ತು ಸಪ್ಪಗಿದ್ದೀಯೆ, ಊರಿಂದ ಕಾಗದ ಬರಲಿಲ್ಲವೇ?” ಎಂದು ಕೇಳುತ್ತಿದ್ದಳು. ಸಂಬಳವಿಲ್ಲದ, ಬಿರುದಿಲ್ಲದ ಸಮಾಲೋಚಕಿ ಆಕೆ. ಆದರೆ ಎಲ್ಲ ಮನೆಗಳೂ ಹಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಕೆಲವು ಮನೆಗಳಲ್ಲಿ ವಾರದ ಹುಡುಗನೆಂದರೆ ನೀರು ಸೇದುವುದಕ್ಕೂ ಅಂಗಡಿಗೆ ಓಡುವುದಕ್ಕೂ ಸಿಕ್ಕಿದ ಆಳು. ಇದಕ್ಕಿಂತಲೂ ಮಿಗಿಲಾಗಿ, ವಾರಾನ್ನವು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ ಮಾತ್ರವೇ ತೆರೆದಿದ್ದ ಬಾಗಿಲು. ಒಕ್ಕಲಿಗರ, ಕುರುಬರ, ಗೊಲ್ಲರ, ಬೇಡರ ಮಕ್ಕಳು ಯಾವ ಮನೆಯ ಜಗಲಿಯ ಮೇಲೆ ಕುಳಿತುಕೊಳ್ಳಬೇಕಾಗಿದ್ದಿತು? ಹೊಲೆಯರ ಮತ್ತು ಮಾದಿಗರ ಮಕ್ಕಳಿಗಂತೂ ಶಾಲೆಯ ಹೊಸ್ತಿಲೇ ದೂರ. 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವು ಮೈಸೂರು ಸಂಸ್ಥಾನದಲ್ಲಿ ಹೊರಟಿತು. 1915ರಲ್ಲಿ ಸರ್ಕಾರದ ಶಾಲೆಗಳನ್ನು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ತೆರೆಯಬೇಕೆಂದು ಆಜ್ಞೆಯಾಯಿತು. ಆಜ್ಞೆಯು ಕಾಗದದಿಂದ ಇಳಿದು ಹಳ್ಳಿಯ ಶಾಲೆಯ ಚಾಪೆಯ ಮೇಲೆ ಕುಳಿತುಕೊಳ್ಳುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ನಮ್ಮ ಹಿರಿಯರು ಬಲ್ಲರು.

ಆದಕಾರಣ, ವಾರಾನ್ನವು ಹೋಯಿತಲ್ಲಾ ಎಂದು ಮರುಗುವ ಪಂಥಕ್ಕೆ ನಾನು ಸೇರಲಾರೆ. ಅದರ ಸ್ಥಾನಕ್ಕೆ ಬಂದ ವಿದ್ಯಾರ್ಥಿನಿಲಯಗಳು ಹೆಚ್ಚು ನ್ಯಾಯವಾದುವು. ಬೆಂಗಳೂರಿನಲ್ಲಿ 1906ರಲ್ಲಿ ಒಕ್ಕಲಿಗರ ಸಂಘವು ಹುಟ್ಟಿತು. ಬೇರೆ ಬೇರೆ ಜನಾಂಗದವರು ತಮ್ಮ ತಮ್ಮ ಮಕ್ಕಳಿಗಾಗಿ ನಿಲಯಗಳನ್ನು ಕಟ್ಟಿದರು. ತುಮಕೂರಿನ ಸಮೀಪದ ಶ್ರೀ ಸಿದ್ಧಗಂಗಾ ಮಠವು ಜಾತಿ ಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ವಸತಿಯನ್ನೂ ವಿದ್ಯೆಯನ್ನೂ ಕೊಟ್ಟುದನ್ನು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ, ಮಳೆ ಹೋದ ವರ್ಷ, ಪಾವಗಡ ಶಿರಾಗಳ ಕಡೆಯ ತಂದೆಯೊಬ್ಬನಿಗೆ ಮಗನನ್ನು ಓದಿಸುವ ದಾರಿಯೆಂದರೆ ಮಠದ ದಾರಿ. ಇಷ್ಟಾದರೂ ಒಂದು ಮಾತು ಉಳಿಯುವುದು. ಏಳು ಮನೆಗಳಲ್ಲಿ ಒಬ್ಬ ಹುಡುಗನನ್ನು ಏಳು ಮಂದಿ ನೋಡುತ್ತಿದ್ದರು. ನಿಲಯದಲ್ಲಿ ನೂರಾರು ಹುಡುಗರನ್ನು ಒಬ್ಬ ನಿಲಯಪಾಲಕನು ನೋಡಬೇಕು. ಆತನಿಗೆ ಅಕ್ಕಿ ಬೇಳೆಗಳ ಲೆಕ್ಕವೇ ಸಾಕಷ್ಟಿರುವಾಗ, ಯಾರ ಮುಖ ಸಪ್ಪಗಾಗಿದೆಯೆಂದು ನೋಡಲು ಬಿಡುವೆಲ್ಲಿ?

ಉಪಾಧ್ಯಾಯರ ಒಂದು ಮಾತಿಗೆ ಎಷ್ಟು ಬಲವಿರುವುದೆಂಬುದಕ್ಕೆ ನಮ್ಮ ನೆರೆಯ ತಾಲ್ಲೂಕಿನಲ್ಲಿಯೇ ಒಂದು ನಿದರ್ಶನವುಂಟು. ಮಧುಗಿರಿಗೆ ಮೂಡಲಿಗೆ ಹೊಂದಿಕೊಂಡಿರುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯೊಂದರಲ್ಲಿ ಹುಟ್ಟಿದ ನರಸಿಂಹಯ್ಯ ಎಂಬ ಹುಡುಗನು ಊರಿನಲ್ಲಿದ್ದಷ್ಟನ್ನು ಓದಿ ಮುಗಿಸಿದನು. ಮುಂದೆ ಓದಲು ಅಲ್ಲಿ ಹೈಸ್ಕೂಲಿಲ್ಲ. ಪಟ್ಟಣಕ್ಕೆ ಹೋಗಲು ಕೈಯಲ್ಲಿ ಕಾಸಿಲ್ಲ. ಹೊಸೂರಿನಲ್ಲಿ ಆತನಿಗೆ ಮುಖ್ಯೋಪಾಧ್ಯಾಯರಾಗಿದ್ದ ಎಂ. ಎಸ್. ನಾರಾಯಣ ರಾಯರು ಆ ವೇಳೆಗೆ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಅವರಿದ್ದಾರೆಂಬ ಒಂದೇ ಧೈರ್ಯದ ಮೇಲೆ 1935ರಲ್ಲಿ ಆ ಹುಡುಗನು ಬೆಂಗಳೂರಿಗೆ ನಡೆದೇ ಹೊರಟನು. ಸುಮಾರು 85 ಕಿಲೋಮೀಟರು, ಎರಡು ದಿನದ ಕಾಲ್ನಡಿಗೆ. ಅವರೇ ಮುಂದೆ ಭೌತಶಾಸ್ತ್ರದ ಅಧ್ಯಾಪಕರಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ, ನಾಡಿನವರೆಲ್ಲರ ಬಾಯಲ್ಲಿ ಎಚ್ಚೆನ್ ಎನಿಸಿಕೊಂಡ ಡಾಕ್ಟರ್ ಎಚ್. ನರಸಿಂಹಯ್ಯನವರು. ಅವರು ತಮ್ಮ ಜೀವಮಾನವನ್ನು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೇ, ಹುಡುಗರ ನಡುವೆ ಕಳೆದುದಕ್ಕೂ ಆ ಎರಡು ದಿನದ ನಡಿಗೆಗೂ ಸಂಬಂಧವಿರಬೇಕೆಂದು ನನ್ನ ಊಹೆ. ನಾರಾಯಣ ರಾಯರಂತಹವರು ಇರದಿದ್ದ ಊರುಗಳಲ್ಲಿ ಎಷ್ಟು ನರಸಿಂಹಯ್ಯಗಳು ಎಮ್ಮೆ ಕಾಯುತ್ತ ಉಳಿದರೋ!

ಹೆಣ್ಣುಮಕ್ಕಳ ವಿಷಯವು ಬೇರೆಯೇ. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಪ್ರಾರಂಭವಾದರೂ, ನಮ್ಮ ಹಳ್ಳಿಗಳಲ್ಲಿ ಹುಡುಗಿಯ ಓದನ್ನು ನಿರ್ಣಯಿಸುತ್ತಿದ್ದುದು ಮದುವೆಯ ಮುಹೂರ್ತ. ಎಂಟು ವರ್ಷಕ್ಕೆ ಕೆಳಗಣ ಹುಡುಗಿಗೆ ಮದುವೆ ಮಾಡಕೂಡದೆಂದು ಮೈಸೂರು ಸರ್ಕಾರದವರು 1894ರಲ್ಲಿ ಶಾಸನ ಮಾಡಬೇಕಾಯಿತೆಂದರೆ ಅಂದಿನ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ಈಗ ಹದಿನೆಂಟು ತುಂಬುವವರೆಗೆ ಹೆಣ್ಣಿಗೆ ಮದುವೆಯಿಲ್ಲವೆಂದು ಕಾನೂನಿದೆ. ಆದರೂ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೇಸಗೆಯ ರಜೆಯ ತರುವಾಯ ಶಾಲೆಗೆ ಹಿಂದಿರುಗದಿದ್ದರೆ, ಅನುಭವಸ್ಥರಾದ ಉಪಾಧ್ಯಾಯಿನಿಯರ ಮನಸ್ಸಿಗೆ ಮೊದಲು ಹೊಳೆಯುವ ಶಂಕೆ ಅದೇ. ಆ ಹುಡುಗಿಯು ಏಪ್ರಿಲಿನಲ್ಲಿಯೇ ಯಾರೊಡನೆಯಾದರೂ ಒಂದು ಮಾತು ಹೇಳುವಂತಿದ್ದರೆ, 1098 ಎಂಬ ಮಕ್ಕಳ ಸಹಾಯವಾಣಿಗೆ ಸುದ್ದಿ ಮುಟ್ಟಿ ಮದುವೆಯು ನಿಲ್ಲಬಹುದು. ಜೂನಿನಲ್ಲಿ ತಿಳಿದರೆ ಪ್ರಯೋಜನವೇನು?

ಇನ್ನು ಹೊರಗಿನ ಲೋಕದ ಕಡೆಗೆ ಕೊಂಚ ನೋಡೋಣ. ಅಮೆರಿಕಾ ದೇಶದ ಬಾಸ್ಟನ್ ನಗರದಲ್ಲಿ 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬುವರು, ಯಾವ ವೃತ್ತಿಯನ್ನು ಹಿಡಿಯಬೇಕೆಂದು ತಿಳಿಯದ ತರುಣರಿಗೆ ಮಾರ್ಗ ತೋರಲು ಒಂದು ಸಂಸ್ಥೆಯನ್ನು ತೆರೆದರು. ಶಾಲೆಗಳಲ್ಲಿ ಸಲಹೆಗಾರರೆಂಬ ಹುದ್ದೆಯು ಬೆಳೆದುದು ಆ ಮೂಲದಿಂದ. ನಮ್ಮಲ್ಲಿ ಮೈಸೂರಿನ ಮಹಾರಾಜರ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರದ ವಿಭಾಗವು ಮೊದಲಾಯಿತು. ಅದನ್ನು ನಡೆಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ನುಡಿಸಿದವರೆಂದು ಹೆಚ್ಚು ಪ್ರಸಿದ್ಧರು. ಮುಂಬಯಿ ಆಧಿಪತ್ಯದ ಕರ್ಣಾಟಕದಲ್ಲಿ ವಿ. ವಿ. ಕಾಮತರು ಫ್ರಾನ್ಸಿನ ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮರಾಠಿ ಮಕ್ಕಳಿಗೆ ಒಪ್ಪುವಂತೆ ತಿದ್ದಿ, 1940ರಲ್ಲಿ ಅದರ ವಿಷಯವಾಗಿ ಪುಸ್ತಕವನ್ನು ಪ್ರಕಟಿಸಿದರು. ಕಲಕತ್ತೆಯ ವಿಶ್ವವಿದ್ಯಾನಿಲಯದಲ್ಲಿ 1938ರಲ್ಲಿ ಈ ಶಾಸ್ತ್ರದ ಪ್ರಯೋಗಕ್ಕೆಂದೇ ಒಂದು ವಿಭಾಗವಾಯಿತು. ಹೀಗೆ ಶಾಸ್ತ್ರವೇನೋ ನಾಡಿಗೆ ಬಂದಿತು. ಅದು ಪೇಟೆ ಬಿಟ್ಟು ಹಳ್ಳಿಗೆ ಬರಲಿಲ್ಲ.

ಸ್ವಾತಂತ್ರ್ಯಾನಂತರ 1952ರಲ್ಲಿ ನೇಮಕವಾದ ಲಕ್ಷ್ಮಣಸ್ವಾಮಿ ಮುದಲಿಯಾರರ ಆಯೋಗವು ಪ್ರೌಢಶಾಲೆಗಳಲ್ಲಿ ಮಾರ್ಗದರ್ಶನದ ಅಧಿಕಾರಿಗಳಿರಬೇಕೆಂದಿತು. 1966ರಲ್ಲಿ ವರದಿಯನ್ನೊಪ್ಪಿಸಿದ ಕೊಠಾರಿ ಆಯೋಗದವರು ದೇಶದ ಬಡತನವನ್ನರಿತು ಆಸೆಯನ್ನು ಹದಕ್ಕೆ ತಂದರು: ಶಾಲೆಗೊಬ್ಬನಿಲ್ಲದಿದ್ದರೆ ಚಿಂತೆಯಿಲ್ಲ, ಹತ್ತು ಶಾಲೆಗಳಿಗೆ ಒಬ್ಬ ಸಂಚಾರಿ ಸಲಹೆಗಾರನಾದರೂ ಇರಲಿ, ಸಣ್ಣಪುಟ್ಟ ವಿಷಯಗಳನ್ನು ಆಯಾ ಶಾಲೆಯ ಉಪಾಧ್ಯಾಯರೇ ನೋಡಿಕೊಳ್ಳಲಿ ಎಂದರು. ಈ ಸೂಚನೆಯು ನನಗೆ ಬಹಳ ವಿವೇಕದ್ದಾಗಿ ಕಾಣುವುದು. ನಮ್ಮ ಹೋಬಳಿಯ ಲೆಕ್ಕಕ್ಕೆ ಅದು ಸರಿಹೊಂದುವುದು. ಹೋಬಳಿಗೊಂದು ಶಾಲೆಯೆಂದ ರೈಸರ ಎಣಿಕೆಯೂ ಇದೂ ಒಂದೇ ಜಾತಿಯವು. ಆದರೆ ಸರ್ಕಾರದ ಪ್ರೌಢಶಾಲೆಯ ಹುದ್ದೆಗಳ ಪಟ್ಟಿಯನ್ನು ನೋಡಿದರೆ ಭಾಷೆಗಳಿಗೆ, ಗಣಿತಕ್ಕೆ, ವಿಜ್ಞಾನಕ್ಕೆ, ದೈಹಿಕ ಶಿಕ್ಷಣಕ್ಕೆ ಉಪಾಧ್ಯಾಯರುಂಟು. ಮಗುವಿನ ಮನಸ್ಸಿಗೆ ಬೇರೊಂದು ಸಾಲಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳ ಮಕ್ಕಳ ಕಷ್ಟಗಳು ಪುಸ್ತಕದಲ್ಲಿ ಬರೆದಿರುವ ಕಷ್ಟಗಳಲ್ಲವೆಂಬುದನ್ನೂ ಗಮನಿಸಬೇಕು. ಪಾವಗಡವು ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿದ ತಾಲ್ಲೂಕು. ಅಲ್ಲಿ ಮನೆಯಲ್ಲಿ ತೆಲುಗು ಆಡುವ ಮಗುವು ಕನ್ನಡ ಶಾಲೆಗೆ ಬಂದು ಮೊದಲ ತಿಂಗಳುಗಳಲ್ಲಿ ಬಾಯಿಬಿಡದೆ ಕುಳಿತಿದ್ದರೆ, ಅದನ್ನು ದಡ್ಡತನವೆಂದು ತಿಳಿಯುವ ಉಪಾಧ್ಯಾಯರೂ ಉಂಟು, ಎರಡು ತೆಲುಗು ಮಾತನಾಡಿ ಅದನ್ನು ನಗಿಸುವವರೂ ಉಂಟು. ಒಂದು ಮಗುವಿನ ಹಣೆಯ ಬರಹವೇ ಈ ಎರಡರ ನಡುವೆ ಬದಲಾಗುವುದು. ಮೊಗಲರ ಸುಬೆಯ ರಾಜಧಾನಿಯಾಗಿದ್ದ ಶಿರಾದಲ್ಲಿ ಉರ್ದು ಮನೆಮಾತಿನ ಮಕ್ಕಳ ಪಾಡೂ ಹೀಗೆಯೇ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಊರ ಹೊರಗೆ ಇರಬೇಕೆಂಬ ಆಚಾರವು ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ಆ ದಿನಗಳ ಗೈರುಹಾಜರಿಗೆ ಹಾಜರಿಪುಸ್ತಕದಲ್ಲಿ ಕಾರಣ ಬರೆಯುವ ಜಾಗವಿರುವುದಿಲ್ಲ. ಕಡಲೆಕಾಯಿ ಕೀಳುವ ಕಾಲ ಬಂದರೆ ತರಗತಿಯು ಅರ್ಧ ಬರಿದಾಗುವುದು. ಮಳೆ ಕೈಕೊಟ್ಟರೆ ತಂದೆತಾಯಿಗಳು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ, ಮಗುವು ಅಜ್ಜಿಯ ಬಳಿ ಉಳಿಯುವುದು. ತಿರುಮಣಿಯ ಸುತ್ತ 2018ರಲ್ಲಿ ಮೊದಲಾದ ಸೌರವಿದ್ಯುತ್ತಿನ ಕ್ಷೇತ್ರಕ್ಕೆ ಹೊಲಗಳನ್ನು ಗುತ್ತಿಗೆ ಕೊಟ್ಟ ಊರುಗಳಲ್ಲಿಯಾದರೋ, ತಂದೆಯು ಗೇಯುತ್ತಿದ್ದ ಹೊಲವನ್ನು ಕಾಣದ ಒಂದು ಪೀಳಿಗೆಯು ಬೆಳೆಯುತ್ತಿರುವುದು. ಅವರಿಗೆ ಯಾವ ಕಸುಬನ್ನು ಹೇಳಬೇಕೆಂಬುದು ಹೊಸ ಪ್ರಶ್ನೆ.

ಪರೀಕ್ಷೆಯ ಭಯವೊಂದು ಎಲ್ಲರಿಗೂ ಸಾಮಾನ್ಯ. 2023ರಲ್ಲಿ ರಾಜ್ಯದಲ್ಲಿ ನೂರಕ್ಕೆ 83.89ರಷ್ಟಿದ್ದ ತೇರ್ಗಡೆಯು, 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾದ ಕಾವಲು ಬಂದಾಗ 73.40ಕ್ಕೆ ಇಳಿಯಿತು. ಅದೇ ವರ್ಷದಿಂದ ಒಂದು ಸಾಲಿನಲ್ಲಿ ಮೂರು ಪರೀಕ್ಷೆಗಳೆಂಬ ಕ್ರಮವನ್ನು ತಂದುದು ಒಳ್ಳೆಯದಾಯಿತು. ನಪಾಸೆಂಬ ಮಾತಿನ ಮೊನೆಯು ಸ್ವಲ್ಪ ಮೊಂಡಾಯಿತು. ನಾನು ಓದುತ್ತಿದ್ದ ಕಾಲದಲ್ಲಿ ಹಾಗಿರಲಿಲ್ಲ. ನಮ್ಮ ತರಗತಿಯ ಹುಡುಗನೊಬ್ಬನು ಲೆಕ್ಕದಲ್ಲಿ ಹೋದವನು ಫಲಿತಾಂಶದ ದಿನ ಮನೆಗೆ ಹೋಗಲಿಲ್ಲ. ಊರೆಲ್ಲ ಹುಡುಕಿದ ಮೇಲೆ ಕತ್ತಲಾಗುವ ಹೊತ್ತಿಗೆ ಕೆರೆಯ ಏರಿಯ ಮೇಲೆ ಆತನನ್ನು ಕಂಡವರು ಡ್ರಿಲ್ ಮೇಷ್ಟರು. ಅವರು ಬೈಯಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. “ಹಸಿವಾಗಿರಬೇಕು, ನಡೆಯಯ್ಯಾ” ಎಂದು ತಮ್ಮ ಮನೆಗೆ ಕರೆದುಕೊಂಡು ಹೋಗಿ ಉಣ್ಣಲಿಕ್ಕಿ, ಆತನ ತಂದೆಗೆ ತಾವೇ ಹೋಗಿ ಹೇಳಿಬಂದರು. ಪಾಠ ಹೇಳದ ಮೇಷ್ಟರ ಬಳಿಯೇ ಮಕ್ಕಳು ಹೆಚ್ಚು ಮನಸ್ಸು ಬಿಚ್ಚುವರೆಂಬುದನ್ನು ನಾನು ಆಮೇಲೆ ಬಹಳ ಕಡೆ ಕಂಡೆನು. ಅಂಕ ಕೊಡುವವರ ಮುಂದೆ ಅಳುವುದು ಕಷ್ಟ.

2009ರ ಶಿಕ್ಷಣದ ಹಕ್ಕಿನ ಕಾಯಿದೆಯ ಹದಿನೇಳನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಕೋದಂಡದ ಕಾಲಕ್ಕೆ ಕಾನೂನಿನ ಮಟ್ಟಿಗಾದರೂ ಮುಕ್ತಾಯವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಹದಿಹರೆಯದ ಮಕ್ಕಳಿಗಾಗಿ ಜೀವನಕೌಶಲ್ಯದ ಪಾಠಗಳನ್ನು ರಚಿಸಿ, ಅವುಗಳನ್ನು ಉಪಾಧ್ಯಾಯರ ಮೂಲಕವೇ ನಡೆಯಿಸುವ ಮಾರ್ಗವನ್ನು ತೋರಿದರು. ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ಕುಗಳಾದುವು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ, ಆಗಸ್ಟಿನಲ್ಲಿ ವಿದ್ಯಾಗಮವೆಂಬ ಹೆಸರಿನಿಂದ ಉಪಾಧ್ಯಾಯರು ಹಳ್ಳಿಗಳಿಗೆ ತಾವೇ ಹೋಗಿ ಅರಳಿಕಟ್ಟೆಯ ಮೇಲೆ, ಗುಡಿಯ ಮುಂದೆ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತಾದರೂ, ಹಲವು ವರ್ಷಗಳಿಂದ ಪಾಠ ಹೇಳುತ್ತಿದ್ದವರಲ್ಲಿ ಕೆಲವರು ತಮ್ಮ ಶಿಷ್ಯರ ಮನೆಯನ್ನು ಕಂಡುದು ಅದೇ ಮೊದಲು. ಐಗಳಿಗೆ ಗೊತ್ತಿದ್ದ ಮನೆಯನ್ನು ನಮ್ಮವರು ಹೀಗೆ ಮತ್ತೆ ಕಂಡರು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿಯ ಸೇವೆಯು, 14416 ಎಂಬ ಸಂಖ್ಯೆಯಿಂದ, ನಿಮ್ಹಾನ್ಸಿನವರ ಮುಂದಾಳುತನದಲ್ಲಿ ಮೊದಲಾಯಿತು. ಮನಸ್ಸಿನ ಸಂಕಟಕ್ಕೆ ಹಗಲಿರುಳೂ ಕನ್ನಡದಲ್ಲಿಯೇ ಉತ್ತರ ದೊರೆಯುವ ಈ ಸಂಖ್ಯೆಯು ಶಾಲೆಯ ಗೋಡೆಯ ಮೇಲೆ ಬರೆದಿರಲಿ. ಆದರೆ ಮನೆಯಲ್ಲಿರುವ ಒಂದೇ ಫೋನು ತಂದೆಯ ಜೇಬಿನಲ್ಲಿರುವ ಹುಡುಗಿಗೆ ಗೋಡೆಯ ಸಂಖ್ಯೆಯಿಂದ ಎಷ್ಟು ಸಹಾಯವಾದೀತು?

2025ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯವು, ವಿಶಾಖಪಟ್ಟಣದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಮರಣದ ಮೊಕದ್ದಮೆಯಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಸೂಚನೆಗಳನ್ನು ಕೊಟ್ಟಿತು. 100 ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯು ತರಬೇತಾದ ಒಬ್ಬ ಸಲಹೆಗಾರನನ್ನಾದರೂ ನೇಮಿಸಬೇಕು. ಕಡಮೆಯಿರುವವು ಹೊರಗಿನ ತಜ್ಞರೊಡನೆ ಸಂಬಂಧವಿಟ್ಟುಕೊಳ್ಳಬೇಕು ಎಂಬುದು ಅವುಗಳಲ್ಲೊಂದು. ಕೊಠಾರಿ ಆಯೋಗದ ವರದಿಗೂ ಈ ತೀರ್ಪಿಗೂ ನಡುವೆ ಐವತ್ತೊಂಬತ್ತು ವರ್ಷಗಳು. ನಮ್ಮ ಸೀಮೆಯಲ್ಲಿ ನೂರು ಮಕ್ಕಳಿಲ್ಲದ ಶಾಲೆಗಳಿಗೆ ಬರವಿಲ್ಲ. ನಾಗಲಮಡಿಕೆಯ ಆಚೆಯ ಗಡಿಯಲ್ಲಿಯೂ, ಬುಕ್ಕಾಪಟ್ಟಣದ ಕಾಡಿನ ಅಂಚಿನಲ್ಲಿಯೂ ಇರುವ ಅಂತಹ ಶಾಲೆಗಳ ಮಕ್ಕಳಿಗೆ ತಜ್ಞನು ಬರುವುದು ಯಾವ ಬಸ್ಸಿನಲ್ಲಿ, ವಾರಕ್ಕೆಷ್ಟು ಸಲ ಎಂಬುದನ್ನು ಇಲಾಖೆಯವರು ನಿರ್ಣಯಿಸಬೇಕು. ಹತ್ತು ಶಾಲೆಗೊಬ್ಬ ಸಂಚಾರಿಯೆಂಬ ಹಳೆಯ ಸೂಚನೆಯನ್ನು ಧೂಳು ಕೊಡವಿ ಎತ್ತಿಕೊಂಡರೆ, ನಾಲ್ಕು ತಾಲ್ಲೂಕುಗಳ ಹೋಬಳಿ ಕೇಂದ್ರಗಳೇ ಅದಕ್ಕೆ ಸಿದ್ಧವಾದ ಠಾಣೆಗಳು. ಪಾವಗಡಕ್ಕೆ ಕಳುಹಿಸುವವರಿಗೆ ತೆಲುಗೂ ಬರಬೇಕು. ಹಟ್ಟಿಗಳಿಗೆ ಹೋಗುವವರು ಹೆಂಗಸರಾಗಿರಬೇಕು.

ಕೆರೆಯ ಏರಿಯ ಮೇಲೆ ಕುಳಿತಿದ್ದ ನನ್ನ ಸಹಪಾಠಿಯು ಆ ವರ್ಷವೇ ಮತ್ತೆ ಪರೀಕ್ಷೆಗೆ ಕಟ್ಟಿ, ಲೆಕ್ಕದಲ್ಲಿ ಬೇಕಾದಷ್ಟಕ್ಕೆ ಸರಿಯಾಗಿ ಅಂಕಗಳನ್ನು ತೆಗೆದುಕೊಂಡು ತೇರ್ಗಡೆಯಾದನು. ಈಗ ಆತನಿಗೆ ಮೊಮ್ಮಕ್ಕಳು. ಕಳೆದ ಸಲ ಮಧುಗಿರಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದಾಗ ಡ್ರಿಲ್ ಮೇಷ್ಟರ ಮಾತು ಬಂದಿತು. ಆ ರಾತ್ರಿ ಅವರ ಮನೆಯಲ್ಲಿ ಮುದ್ದೆಗೆ ಹುರುಳಿ ಸಾರು ಮಾಡಿದ್ದರೆಂಬುದು ಆತನಿಗೆ ಇನ್ನೂ ನೆನಪಿದೆ.